ಮಾತು ಬಾರದವರ ಯೋಚನೆ ಸರಿಯಿರುತ್ತದೆಯೇ?

ಪ್ರಶ್ನೆ: ನನಗೆ 31 ವರ್ಷ. ಊರು ಸಾಗರದ ಹತ್ತಿರ. ಬೆಂಗಳೂರಿನ ಪೀಣ್ಯದಲ್ಲಿ ಪಂಪ್ ತಯಾರಿಸುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಎದುರಿಗೆ ನಾಲ್ಕು ಜನ ಕೂತರೆ ಸಾಕು, ನಾಲಿಗೆ ಒಣಗುತ್ತದೆ. ಕಳೆದ ವರ್ಷ ಕಡಿಮೆ ರೇಟಿಗೆ ಕಾಸ್ಟಿಂಗ್ (ಎರಕ ಹೊಯ್ದ ಭಾಗ) ಕೊಡುವ ಹೊಸ ಫೌಂಡ್ರಿಗೆ ಆರ್ಡರ್ ಕೊಡುವ ಬಗ್ಗೆ ಮೀಟಿಂಗ್ ಆಯಿತು. ಸಹೋದ್ಯೋಗಿಯೊಬ್ಬರು ಸ್ಲೈಡ್ ಹಾಕಿ ಬಹಳ ಚೆನ್ನಾಗಿ ಮಾತಾಡಿದರು, ಎಲ್ಲರೂ ತಲೆದೂಗಿದರು. ಟೆಸ್ಟ್ ಮಾಡಿದ್ದ ಸ್ಯಾಂಪಲ್‌ಗಳೆಲ್ಲ ಸಣ್ಣ ಸೈಜಿನವು, ದೊಡ್ಡ ಸೈಜಿನದು ಒಂದೂ ಟೆಸ್ಟ್ ಆಗಿಲ್ಲ ಎಂಬುದು ನನಗೆ ಗೊತ್ತಿತ್ತು. ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ದೊಡ್ಡ ಪೀಸುಗಳು ಬಿರುಕು ಬಿಟ್ಟು ವಾಪಸ್ ಬಂದವು. ನಮ್ಮ ದೊಡ್ಡಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ನಾನು ಮಾತ್ರ ಹೀಗೆ. ಹೆಂಡತಿ ಭಾಷಣ ಕಲಿಸುವ ಕ್ಲಾಸಿಗೆ ಸೇರಿ ಅನ್ನುತ್ತಾಳೆ. ನನಗೋ, ಚೆನ್ನಾಗಿ ಮಾತಾಡುವವರೆಲ್ಲ ಮಾತಿನಲ್ಲಿ ಮರುಳು ಮಾಡುವವರು, ನಮ್ಮಂಥ ಸಂಕೋಚದವರೇ ಸರಿಯಾಗಿ ಯೋಚಿಸುವವರು ಅನ್ನಿಸುತ್ತದೆ. ಇದು ಸರಿಯೇ, ಇಲ್ಲ ನನಗೆ ನಾನೇ ಹೇಳಿಕೊಳ್ಳುವ ಸಮಾಧಾನವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅರ್ಧ ಸರಿ, ಪೂರ್ತಿ ಸಮಾಧಾನ.

ನಿಮ್ಮ ಪತ್ರದಲ್ಲಿ ಎರಡು ತೊಡಕುಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಜನರೆದುರು ನಿಮ್ಮ ಬಾಯಿ ಕಟ್ಟುತ್ತದೆ, ಇದು ಒಂದು. ಮಾತು ನಯವಾಗಿದ್ದರೆ ಯೋಚನೆಯೂ ಗಟ್ಟಿಯಾಗಿರುತ್ತದೆ ಎಂದು ಆ ಕೋಣೆಯಲ್ಲಿದ್ದವರೆಲ್ಲ ನಂಬಿದರು, ಇದು ಇನ್ನೊಂದು. ಮೊದಲನೆಯದು ನಿಮ್ಮದು, ಅದಕ್ಕೆ ಮದ್ದಿದೆ. ಎರಡನೆಯದು ಎಲ್ಲರದ್ದು. ಅದನ್ನೇ ತಲೆಕೆಳಗು ಮಾಡಿ, ಮಾತು ತಡವರಿಸಿದರೆ ಯೋಚನೆ ಗಟ್ಟಿ ಎಂದು ನೀವು ಇಟ್ಟುಕೊಂಡಿದ್ದೀರಿ. ಎರಡಕ್ಕೂ ಆಧಾರವಿಲ್ಲ.

ಭಯದ ವಿಷಯ ಮೊದಲು ನೋಡೋಣ. ಮಾತಾಡಲು ಎದ್ದಾಗ ನಿಮ್ಮ ಗಮನ ಎಲ್ಲಿರುತ್ತದೆ? ಕಾಸ್ಟಿಂಗ್ ಮೇಲೆ ಇರುವುದಿಲ್ಲ, ಎದುರಿಗಿರುವ ಮ್ಯಾನೇಜರ್ ಮೇಲೂ ಇರುವುದಿಲ್ಲ. ನಿಮ್ಮ ಎದೆಬಡಿತ, ನಿಮ್ಮ ಕೈ, ನಿಮ್ಮ ದನಿಯ ಮೇಲೆ ಇರುತ್ತದೆ. ಒಳಗೆ ಕೇಳಿಸುತ್ತಿರುವುದೆಲ್ಲ ಹೊರಗಿನವರಿಗೂ ಕಾಣುತ್ತಿದೆ ಎಂದು ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ಈ ಸುಳಿಯನ್ನು ವಿವರಿಸಿದರು, ಇವತ್ತಿಗೂ ಚಿಕಿತ್ಸೆ ನಡೆಯುವುದು ಬಹುಮಟ್ಟಿಗೆ ಅದರ ಮೇಲೆಯೇ. ಸುಳಿಯನ್ನು ಗಟ್ಟಿಮಾಡುವುದು ನಾವು ತಪ್ಪಿಸಿಕೊಳ್ಳಲು ಹೂಡುವ ಉಪಾಯಗಳು. ಹೇಳಬೇಕಾದ್ದನ್ನು ಅಕ್ಷರಕ್ಷರ ಬಾಯಿಪಾಠ ಮಾಡುವುದು, ಯಾರ ಮುಖವನ್ನೂ ನೋಡದಿರುವುದು, ಬೇಗ ಮುಗಿಸಿ ಕೂತರೆ ಸಾಕೆಂದು ಓಡಿಸುವುದು, ಕೈ ನಡುಗುವುದು ಕಾಣದಿರಲೆಂದು ಪೆನ್ನನ್ನು ಬಿಗಿಯಾಗಿ ಹಿಡಿಯುವುದು. ಇವು ಆ ಹೊತ್ತಿಗೆ ಕಾಪಾಡಿದಂತೆ ಕಾಣುತ್ತವೆ. ಆದರೆ 'ಇದನ್ನು ಮಾಡದಿದ್ದರೆ ಮರ್ಯಾದೆ ಹೋಗುತ್ತಿತ್ತು' ಎಂಬ ನಂಬಿಕೆಯನ್ನು ಹಾಗೇ ಉಳಿಸಿಬಿಡುತ್ತವೆ.

ಬಾಯಿಪಾಠದ ಬಗ್ಗೆ ನಮ್ಮ ಕಡೆಯವರಿಗೆ ಬೇರೆಯಾಗಿ ಹೇಳಬೇಕು. ಪ್ರತಿಭಾ ಕಾರಂಜಿಯ ಭಾಷಣ ಸ್ಪರ್ಧೆಗೆ ಹೋಗಿಬಂದವರನ್ನು ಕೇಳಿ ನೋಡಿ. ಮೇಷ್ಟ್ರು ಎರಡು ಪುಟ ಬರೆದುಕೊಡುತ್ತಾರೆ. ಮಗು ಅದನ್ನು ಬಚ್ಚಲಲ್ಲಿ, ಬಸ್ಸಿನಲ್ಲಿ, ಅಮ್ಮ ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ನಿಂತು ಉರುಹೊಡೆಯುತ್ತದೆ. ವೇದಿಕೆಯ ಮೇಲೆ 'ಪೂಜ್ಯ ಗುರುಗಳೇ, ಮಾನ್ಯ ನಿರ್ಣಾಯಕರೇ' ತನಕ ಸರಾಗ. ಮೂರನೇ ವಾಕ್ಯದಲ್ಲಿ ಒಂದು ಪದ ಜಾರುತ್ತದೆ. ಮಗು ಮತ್ತೆ ಮೊದಲಿಂದ ಶುರುಮಾಡಿ ಓಡಿ ಬರುತ್ತದೆ, ಅದೇ ಪದದ ಹತ್ತಿರ ಬಂದು ನಿಲ್ಲುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ನಾನು ಕಂಡ ಎಷ್ಟೋ ದೊಡ್ಡವರ ಸಭಾಕಂಪನದ ಬೇರು ಇಂಥ ಒಂದು ಮಧ್ಯಾಹ್ನದಲ್ಲಿದೆ. ಆ ಮಗುವಿಗೆ ಮಾತಾಡಲು ಬಾರದೆ ಹೋದದ್ದಲ್ಲ. ಅದಕ್ಕೆ ಅಂದು ಮಾತಾಡುವ ಅವಕಾಶವೇ ಸಿಗಲಿಲ್ಲ, ಬೇರೆಯವರ ಮಾತನ್ನು ಹೊತ್ತು ದಾಟಿಸುವ ಕೆಲಸ ಸಿಕ್ಕಿತ್ತು. ಪದಗಳ ಸರಪಳಿಯನ್ನು ನೆನಪಿಟ್ಟವರಿಗೆ ಒಂದು ಕೊಂಡಿ ಕಳಚಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ವಿಷಯ ಗೊತ್ತಿರುವವರು ಬೇರೆ ಪದ ಹುಡುಕಿಕೊಂಡು ಮುಂದೆ ಹೋಗುತ್ತಾರೆ.

ಇನ್ನು ನಡುಕ ಎಲ್ಲರಿಗೂ ಕಾಣುತ್ತದೆ ಎಂಬ ನಂಬಿಕೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಒಂದು ತಮಾಷೆಯ ಪ್ರಯೋಗ ಮಾಡಿದರು, ವರದಿ ಬಂದದ್ದು 2000ದಲ್ಲಿ. ಹುಡುಗರು ಹಾಕಿಕೊಳ್ಳಲು ನಾಚುವಂಥ ಗಾಯಕನೊಬ್ಬನ ಮುಖವಿದ್ದ ಟೀ ಶರ್ಟ್ ತೊಡಿಸಿ, ಜನ ಕೂತಿದ್ದ ಕೋಣೆಗೆ ಒಬ್ಬೊಬ್ಬರನ್ನೇ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಎಂದು ಕೇಳಿದರೆ, ಸುಮಾರು ಅರ್ಧದಷ್ಟು ಎಂದರು. ನಿಜಕ್ಕೂ ಗಮನಿಸಿದ್ದವರು ಹೆಚ್ಚುಕಡಿಮೆ ಕಾಲುಭಾಗ. ಗಿಲೊವಿಚ್ ಮತ್ತು ಕೆನೆತ್ ಸಾವಿಟ್ಸ್ಕಿ 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನಿಮಗೆ ನೇರವಾಗಿ ಸಂಬಂಧಿಸಿದ್ದು. ಭಾಷಣ ಮಾಡಬೇಕಿದ್ದ ಕೆಲವರಿಗೆ 'ನಿಮ್ಮ ಒಳಗಿನ ಕಳವಳ ನೀವಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ' ಎಂದು ಮೊದಲೇ ತಿಳಿಸಿದರು, ಅಷ್ಟೆ. ಅವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಈಗ ನಿಮಗೂ ತಿಳಿಸಿದ್ದೇನೆ.

ಸಂಕೋಚದವರೆಲ್ಲ ಒಂದಲ್ಲ ಒಂದು ದಿನ ಗಾಂಧಿಯ ಉದಾಹರಣೆಗೆ ಬರುತ್ತಾರೆ. ನೀವು ಇನ್ನೂ ಬಂದಿಲ್ಲ, ಆದರೆ ಬರುತ್ತೀರಿ, ಅದಕ್ಕೇ ನಾನೇ ಎತ್ತುತ್ತೇನೆ. ತನ್ನ ಸಂಕೋಚ ತನಗೆ ಗುರಾಣಿಯಾಯಿತು, ಮಾತಿನಲ್ಲಿ ಮಿತವ್ಯಯ ಕಲಿಸಿತು ಎಂದು ಅವರು ಆತ್ಮಕಥೆಯಲ್ಲಿ ಬರೆದುಕೊಂಡದ್ದು ನಿಜ. ಅದನ್ನು ಹಿಡಿದುಕೊಂಡು 'ನೋಡಿ, ಗಾಂಧಿಗೂ ಹೀಗೇ ಇತ್ತು' ಎಂದು ಸುಮ್ಮನೆ ಕೂರುವವರು ಆ ಅಧ್ಯಾಯದ ಉಳಿದ ಭಾಗ ಓದುವುದಿಲ್ಲ.

ಲಂಡನ್ನಿನಲ್ಲಿ ಕಾನೂನು ಓದುವಾಗ ಗಾಂಧಿ ಅಲ್ಲಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರು. ಸಭೆಗೆ ತಪ್ಪದೆ ಹೋಗುವುದು, ಬಾಯಿ ಬಿಡದೆ ಬರುವುದು. ಗೆಳೆಯ ಡಾ. ಓಲ್ಡ್‌ಫೀಲ್ಡ್ ಒಮ್ಮೆ ಛೇಡಿಸಿದರು: ನನ್ನ ಹತ್ತಿರ ಚೆನ್ನಾಗೇ ಮಾತಾಡುತ್ತೀಯ, ಸಮಿತಿಯಲ್ಲಿ ಮಾತ್ರ ಕೆಲಸಕ್ಕೆ ಬಾರದ ಗಂಡುಜೇನಿನ ಹಾಗೆ ಕೂತಿರುತ್ತೀಯಲ್ಲ? ಅದೇ ಸಮಿತಿಯಲ್ಲಿ ಡಾ. ಆಲಿನ್ಸನ್ ಎಂಬವರನ್ನು ಹೊರಹಾಕುವ ಪ್ರಶ್ನೆ ಬಂತು. ಆಲಿನ್ಸನ್ ಸಂತಾನ ನಿಯಂತ್ರಣದ ಪ್ರಚಾರಕರು. ಸಂಘದ ಅಧ್ಯಕ್ಷ ಹಿಲ್ಸ್ ದೊಡ್ಡ ಕಾರ್ಖಾನೆಯ ಧಣಿ, ಸಂಘಕ್ಕೆ ದುಡ್ಡು ಕೊಡುತ್ತಿದ್ದವರು, ಕಟ್ಟಾ ನೀತಿವಾದಿ. ಗಾಂಧಿಗೆ ಹಿಲ್ಸ್ ಬಗ್ಗೆ ಗೌರವ, ಕೃತಕ ಸಂತಾನ ನಿಯಂತ್ರಣ ಗಾಂಧಿಗೂ ಒಪ್ಪಿತವಲ್ಲ. ಆದರೂ ಅವರಿಗೆ ಅನ್ನಿಸಿದ್ದು: ಇದು ಸಸ್ಯಾಹಾರದ ಸಂಘ. ಒಬ್ಬ ಸಸ್ಯಾಹಾರಿಯ ಬೇರೆ ಅಭಿಪ್ರಾಯ ನಮಗೆ ಹಿಡಿಸಲಿಲ್ಲ ಎಂದು ಅವನನ್ನು ಹೊರಹಾಕುವುದು ಸರಿಯಲ್ಲ. ತನಗೆ ಇಷ್ಟವಿಲ್ಲದ ವಿಚಾರದ ಮನುಷ್ಯನ ಪರ, ತಾನು ಗೌರವಿಸುವ ಮನುಷ್ಯನ ವಿರುದ್ಧ, ವಿಷಯವನ್ನು ಹೀಗೆ ಬಿಡಿಸಿ ನೋಡಿದ್ದನ್ನು ನಾನು ಸ್ಪಷ್ಟ ಯೋಚನೆ ಅನ್ನುತ್ತೇನೆ. ಹೇಳಲು ಧೈರ್ಯ ಬರಲಿಲ್ಲ. ಬರೆದುಕೊಂಡು ಹೋದರು. ಓದಲೂ ಆಗಲಿಲ್ಲ, ಅಧ್ಯಕ್ಷರು ಬೇರೆಯವರ ಕೈಯಲ್ಲಿ ಓದಿಸಿದರು. ಆಲಿನ್ಸನ್ ಸೋತರು.

ಇಲ್ಲಿ ನಿಮಗೂ ಗಾಂಧಿಗೂ ಇರುವ ವ್ಯತ್ಯಾಸ ಗಮನಿಸಿ. ನಾಲಿಗೆ ಇಬ್ಬರದೂ ಒಣಗಿತ್ತು. ಅವರ ಅಭಿಪ್ರಾಯ ಹೇಗೋ ಸಭೆಯ ಮೇಜಿನ ಮೇಲೆ ಬಂತು, ನಿಮ್ಮದು ಬರಲಿಲ್ಲ.

ಆಮೇಲೂ ಅವರಿಗೆ ದಾರಿ ಸಲೀಸಾಗಲಿಲ್ಲ. ಬೊಂಬಾಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮಮೀಬಾಯಿ ಎಂಬವರ ಪರ ತಮ್ಮ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆಂದು ಎದ್ದವರಿಗೆ ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. 30 ರೂಪಾಯಿ ಶುಲ್ಕ ವಾಪಸ್ ಕೊಟ್ಟು ಬೇರೆ ವಕೀಲರಿಗೆ ವಹಿಸಿ ಹೊರಬಂದರು. 1893ರಲ್ಲಿ ಪ್ರಿಟೋರಿಯಾದಲ್ಲಿ ಭಾರತೀಯ ವರ್ತಕರನ್ನು ಸೇರಿಸಿ ಮಾತಾಡಿದ್ದೇ ತನ್ನ ಬದುಕಿನ ಮೊದಲ ಸಾರ್ವಜನಿಕ ಭಾಷಣ ಎಂದು ಅವರೇ ಹೇಳುತ್ತಾರೆ. ವಿಷಯ, ವ್ಯಾಪಾರದಲ್ಲಿ ಸತ್ಯ. ಸಾಕಷ್ಟು ತಯಾರಿ ಮಾಡಿಕೊಂಡು ಹೋಗಿದ್ದರು. ಹಾಗೆಂದು ಅಲ್ಲಿಗೆ ಭಯ ಮುಗಿಯಿತೇ? 1896ರಲ್ಲಿ ಬೊಂಬಾಯಿಯಲ್ಲಿ ತುಂಬಿದ ಸಭೆಯೆದುರು ಬರೆದ ಭಾಷಣ ಓದಲು ನಿಂತು ನಡುಗಿದರು, ದನಿ ಏಳಲಿಲ್ಲ, ಕೊನೆಗೆ ದಿನ್‌ಶಾ ವಾಚಾ ಅದನ್ನು ಓದಿದರು. ಗಾಂಧಿ ಯಾವತ್ತೂ ವಾಗ್ಮಿಯಾಗಲಿಲ್ಲ. ಏರಿಳಿತವಿಲ್ಲದ ಸಣ್ಣ ದನಿಯಲ್ಲೇ ಕೊನೆಯವರೆಗೂ ಮಾತಾಡಿದರು. ವಾಗ್ಮಿಯಾಗುವುದು ಬೇರೆ, ಗೊತ್ತಿದ್ದದ್ದನ್ನು ಹೇಳುವಷ್ಟು ಮಾತು ಕೂಡಿಸಿಕೊಳ್ಳುವುದು ಬೇರೆ. ನಿಮಗೆ ಬೇಕಿರುವುದು ಎರಡನೆಯದು.

ಇನ್ನು ನಿಮ್ಮ ದೂರಿನ ಅರ್ಧ ಸತ್ಯಕ್ಕೆ ಬರೋಣ. ಮಾತಿಗೆ ಮರುಳಾಗುವುದು ಓದಿದವರಿಗೂ ತಪ್ಪಿದ್ದಲ್ಲ. 1973ರಲ್ಲಿ ಅಮೆರಿಕದ ಮೂವರು ವೈದ್ಯಶಿಕ್ಷಣ ತಜ್ಞರು ಒಂದು ವರದಿ ಪ್ರಕಟಿಸಿದರು. ಮೈಕೆಲ್ ಫಾಕ್ಸ್ ಎಂಬ ನಟನನ್ನು 'ಡಾ. ಮೈರನ್ ಫಾಕ್ಸ್' ಎಂದು ಹೆಸರಿಟ್ಟು, ಗಣಿತದ ಗೇಮ್ ಥಿಯರಿಯನ್ನು ವೈದ್ಯಶಿಕ್ಷಣಕ್ಕೆ ಅನ್ವಯಿಸುವ ಬಗ್ಗೆ ಉಪನ್ಯಾಸ ಕೊಡಿಸಿದರು. ನಟನಿಗೆ ವಿಷಯ ಏನೇನೂ ಗೊತ್ತಿಲ್ಲ. ಅವನಿಗೆ ಕಲಿಸಿದ್ದು ಇಷ್ಟೇ: ಆತ್ಮವಿಶ್ವಾಸದಿಂದ, ನಗೆಚಟಾಕಿ ಹಾರಿಸುತ್ತ, ಇಲ್ಲದ ಪದಗಳನ್ನು ಹುಟ್ಟಿಸುತ್ತ, ಒಂದಕ್ಕೊಂದು ತಾಳಮೇಳವಿಲ್ಲದ ಮಾತುಗಳನ್ನು ನಿರರ್ಗಳವಾಗಿ ಆಡು. ಕೇಳುಗರು ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯದ ಬೋಧಕರು, ಅಂದರೆ ನನ್ನ ಕಸುಬಿನವರೇ. ಬಹುಪಾಲು ಜನ ಉಪನ್ಯಾಸವನ್ನು ಮೆಚ್ಚಿ ಬರೆದುಕೊಟ್ಟರು. ಒಬ್ಬರಂತೂ ಡಾ. ಫಾಕ್ಸ್ ಅವರ ಬರಹಗಳನ್ನು ಹಿಂದೆಯೇ ಓದಿದ್ದೇನೆ ಎಂದರು!

ಆದರೆ 2013ರಲ್ಲಿ ಶಾನಾ ಕಾರ್ಪೆಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಮೂರು ಬಣ್ಣದ ಬೆಕ್ಕುಗಳು ಬಹುತೇಕ ಹೆಣ್ಣೇ ಆಗಿರುವುದೇಕೆ ಎಂಬ ಪುಟ್ಟ ಪಾಠವನ್ನು ಒಬ್ಬರೇ ಎರಡು ರೀತಿಯಲ್ಲಿ ಹೇಳಿ ವಿಡಿಯೊ ಮಾಡಿದರು. ಒಂದರಲ್ಲಿ ನೆಟ್ಟಗೆ ನಿಂತು, ಕಣ್ಣಿಗೆ ಕಣ್ಣಿಟ್ಟು, ಚೀಟಿ ನೋಡದೆ. ಇನ್ನೊಂದರಲ್ಲಿ ಬಗ್ಗಿ, ಚೀಟಿ ನೋಡಿ ಓದುತ್ತ, ತಡವರಿಸುತ್ತ. ಮೊದಲನೆಯದನ್ನು ನೋಡಿದ ವಿದ್ಯಾರ್ಥಿಗಳು ತಮಗೆ ತುಂಬ ತಲೆಗೆ ಹೋಯಿತು ಅಂದುಕೊಂಡರು. ಪರೀಕ್ಷೆ ಇಟ್ಟಾಗ ಎರಡೂ ಗುಂಪಿನವರು ನೆನಪಿಟ್ಟದ್ದು ಹೆಚ್ಚುಕಡಿಮೆ ಅಷ್ಟಷ್ಟೇ. ಸರಾಗವಾಗಿ ಹೇಳಿದವರಿಂದ ಹೆಚ್ಚೇನೂ ಸಿಗಲಿಲ್ಲ ಎಂಬುದನ್ನು ನೀವು ಖುಷಿಯಿಂದ ಗಮನಿಸುತ್ತೀರಿ. ತಡವರಿಸಿದವರಿಂದಲೂ ಹೆಚ್ಚೇನೂ ಸಿಗಲಿಲ್ಲ.

ನಿಮ್ಮ ದೊಡ್ಡಪ್ಪನ ವಿಷಯ ಬಂದದ್ದು ಒಳ್ಳೆಯದಾಯಿತು, ಯಾಕೆಂದರೆ ಈ ವ್ಯತ್ಯಾಸವನ್ನು ತಾಳಮದ್ದಳೆಯಷ್ಟು ಚೆನ್ನಾಗಿ ತೋರಿಸುವುದು ಇನ್ನೊಂದಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ವಾದಿಸುತ್ತಾರೆ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಎದುರಿದ್ದರೆ ರಾಮನ ಪಾತ್ರಧಾರಿಗೆ ಬೆವರಿಳಿಯುತ್ತಿತ್ತು ಎಂದು ನಿಮ್ಮ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಇವತ್ತು ವಾಲಿಯಾದವರು ಮುಂದಿನ ಕೂಟದಲ್ಲಿ ರಾಮನಾಗಬಹುದು, ಅಷ್ಟೇ ಬಲವಾಗಿ ವಾದಿಸುತ್ತಾರೆ. ಇದು ಮೋಸವೇ? ಅಲ್ಲ, ಯಾಕೆಂದರೆ ಕತೆಯ ಕೊನೆ ಎಲ್ಲರಿಗೂ ಗೊತ್ತು. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಬೆಳಗಾಗುವಷ್ಟರಲ್ಲಿ ಸಾಯಲೇಬೇಕು. ಗೆಲುವು ಮೊದಲೇ ಗೊತ್ತಿರುವುದರಿಂದ ಸಭೆ ನೆಮ್ಮದಿಯಾಗಿ ಮಾತಿನ ಸೊಗಸನ್ನು ಸವಿಯುತ್ತದೆ. ನಿಮ್ಮ ಪೀಣ್ಯದ ಮೀಟಿಂಗಿನಲ್ಲಿ ಹಾಗಲ್ಲ. ಅಲ್ಲಿ ವಾದ ಗೆದ್ದವರ ಹಿಂದೆಯೇ ಆರ್ಡರ್ ಹೊರಟುಹೋಗುತ್ತದೆ.

ನಮ್ಮ ನೈಯಾಯಿಕರು, ಅಂದರೆ ತರ್ಕಶಾಸ್ತ್ರದವರು, ಇದನ್ನು ಬಹಳ ಹಿಂದೆಯೇ ಮೂರು ಪಾಲು ಮಾಡಿದ್ದರು. ಇಬ್ಬರೂ ಸೇರಿ ನಿಜವನ್ನು ಹುಡುಕುವುದು ವಾದ. ಹೇಗಾದರೂ ಸರಿ ಗೆಲ್ಲಬೇಕೆಂದು ಹೊರಡುವುದು ಜಲ್ಪ. ತನ್ನದೇನನ್ನೂ ಮುಂದಿಡದೆ ಎದುರಿನವರದ್ದನ್ನು ಕೆಡವುವುದಷ್ಟೇ ವಿತಂಡ. ಚರಕಸಂಹಿತೆಯಂಥ ವೈದ್ಯಗ್ರಂಥವೂ ತನ್ನ ವಿಮಾನಸ್ಥಾನ ಎಂಬ ಭಾಗದಲ್ಲಿ ಸ್ನೇಹದಿಂದ ಕೂಡಿ ಚರ್ಚಿಸುವುದನ್ನೂ ಹಟದಿಂದ ಎದುರಾಗುವುದನ್ನೂ ಬೇರೆ ಮಾಡುತ್ತದೆ. ಹಟದ ಚರ್ಚೆಯಾದರೆ ಶಾಸ್ತ್ರ ತಿಳಿಯದವನನ್ನು ಉದ್ದುದ್ದ ಸೂತ್ರ ಹೇಳಿಯೇ ಮಣಿಸು ಎಂಬ ಕಿಲಾಡಿ ಸಲಹೆಯೂ ಅಲ್ಲಿದೆ, ಓದುವಾಗ ನನಗೆ ಈಗಿನ ಸ್ಲೈಡುಗಳು ನೆನಪಾಗುತ್ತವೆ. ನಿಮ್ಮ ಸಹೋದ್ಯೋಗಿ ಮಾಡಿದ್ದು ಜಲ್ಪವಿರಬಹುದು. ಕೇಳಿದರೆ ಬೇಸರಪಡಬೇಡಿ, ಅವತ್ತಿನಿಂದ ನೀವು ಮನೆಯಲ್ಲಿ ಹೆಂಡತಿಯೆದುರು ಮಾಡುತ್ತಿರುವುದು ವಿತಂಡ. ಆ ಸಹೋದ್ಯೋಗಿಯಂಥವರು ಮಾತಿನಲ್ಲಿ ಮರುಳು ಮಾಡುವವರು ಎಂದು ನೀವು ಬರೆದಿದ್ದೀರಿ. ಕಡಿಮೆ ರೇಟಿನಿಂದ ಕಾರ್ಖಾನೆಗೆ ಉಳಿಯುತ್ತಿದ್ದುದೆಷ್ಟು, ಹಳೆಯ ಫೌಂಡ್ರಿಯ ರಿಜೆಕ್ಷನ್ ಎಷ್ಟಿತ್ತು, ದೊಡ್ಡ ಸೈಜಿನ ಟೆಸ್ಟಿಗೆ ಎಷ್ಟು ದಿನ ಹಿಡಿಯುತ್ತಿತ್ತು ಎಂಬುದೊಂದೂ ನಿಮ್ಮ ಪತ್ರದಲ್ಲಿಲ್ಲ. ನಿಮಗೆ ಒಂದು ಮುಖ್ಯ ಸಂಗತಿ ಗೊತ್ತಿತ್ತು, ಅದು ನಿಜ. ಒಂದು ಸಂಗತಿ ಗೊತ್ತಿರುವುದೂ ವಿಷಯವನ್ನು ಪೂರ್ತಿ ಯೋಚಿಸಿರುವುದೂ ಒಂದೇ ಅಲ್ಲ. ದೊಡ್ಡಪ್ಪ ಈ ವಿಷಯದಲ್ಲಿ ನಿಮಗಿಂತ ಒಂದು ಹೆಜ್ಜೆ ಮುಂದಿದ್ದಾರೆ. ವಾಲಿಯ ಅರ್ಥ ಹೇಳಬೇಕಾದರೆ ರಾಮ ಏನು ಹೇಳಬಹುದು ಎಂಬುದು ಅವರಿಗೆ ರಾಮನಷ್ಟೇ ಗೊತ್ತಿರಬೇಕು.

ಇಷ್ಟಾದರೂ ನಿಮ್ಮ ಆ ಒಂದು ಸಂಗತಿಯ ಬೆಲೆ ಕಡಿಮೆಯಾಗುವುದಿಲ್ಲ. ನಿಮ್ಮ ಪತ್ರ ಓದಿದ ಕೂಡಲೇ ನನಗೆ ನೆನಪಾದದ್ದು ನಾಸಾದ ಬಾಹ್ಯಾಕಾಶ ನೌಕೆ ಕೊಲಂಬಿಯಾ. 2003ರ ಜನವರಿ 16ರಂದು ಅದು ಮೇಲೇರಿದ ಒಂದೂವರೆ ನಿಮಿಷದೊಳಗೆ ಹೊರಗಿನ ಇಂಧನ ಟ್ಯಾಂಕಿನಿಂದ ಕಳಚಿದ ಫೋಮಿನ ತುಂಡೊಂದು ಎಡರೆಕ್ಕೆಗೆ ಬಡಿಯಿತು. ಅಪಾಯವಿದೆಯೇ ಎಂದು ಪರಿಶೀಲಿಸಿದ ಬೋಯಿಂಗ್ ಎಂಜಿನಿಯರುಗಳು ನಾಸಾಗೆ ಸ್ಲೈಡುಗಳನ್ನು ಕೊಟ್ಟರು. ಅದರಲ್ಲೊಂದು ಸ್ಲೈಡನ್ನು ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು ಆಮೇಲೆ ಸಾಲುಸಾಲಾಗಿ ಬಿಡಿಸಿ ತೋರಿಸಿದ್ದಾರೆ. ಮೇಲಿನ ದಪ್ಪ ತಲೆಬರಹ ಓದಿದರೆ ಪರೀಕ್ಷೆಗಳ ಪ್ರಕಾರ ಭಯವಿಲ್ಲ ಎಂಬ ಭಾವನೆ ಬರುತ್ತದೆ. ಕೆಳಗೆ ಇಳಿಯುತ್ತ ಇಳಿಯುತ್ತ ಅಕ್ಷರ ಚಿಕ್ಕದಾಗುತ್ತದೆ. ತೀರಾ ತಳದ ಸಾಲಿನಲ್ಲಿದೆ ಅಸಲು ವಿಷಯ: ಬಡಿದ ತುಂಡು ಸುಮಾರು 1920 ಘನ ಅಂಗುಲ, ಪರೀಕ್ಷೆ ಮಾಡಿದ್ದು 3 ಘನ ಅಂಗುಲದ ತುಂಡಿನಿಂದ. ಅಂದರೆ 640 ಪಟ್ಟು ದೊಡ್ಡದರ ಬಗ್ಗೆ ಆ ಪರೀಕ್ಷೆಗಳು ಏನನ್ನೂ ಹೇಳಿರಲಿಲ್ಲ. ನಿಮ್ಮ ಸಣ್ಣ ಸೈಜಿನ ಸ್ಯಾಂಪಲ್ ಕತೆಯೇ, ಅಲ್ಲವೇ?

ರಾಡ್ನಿ ರೋಚಾ ಎಂಬ ನಾಸಾ ಎಂಜಿನಿಯರ್ ಮತ್ತು ಅವರ ತಂಡ ರೆಕ್ಕೆಯ ಚಿತ್ರ ತೆಗೆಸಿ ಎಂದು ಕೇಳಿತ್ತು. ಕೋರಿಕೆ ನಡೆಯಲಿಲ್ಲ. ರೋಚಾ ಖಾರವಾದ ಒಂದು ಇಮೇಲ್ ಬರೆದರು. ಸುರಕ್ಷಿತವಲ್ಲದಿದ್ದರೆ ಹಾಗೆಂದು ಹೇಳಿ ಎಂದು ಗೋಡೆಗೋಡೆಗೂ ಅಂಟಿಸಿದ್ದೇವಲ್ಲ, ಇದು ಅಷ್ಟು ಗಂಭೀರ ಎಂಬುದು ಅದರ ಭಾವ. ಪಕ್ಕದ ಸಹೋದ್ಯೋಗಿಗೆ ತೋರಿಸಿದರು, ಮೇಲಿನವರಿಗೆ ಕಳಿಸಲಿಲ್ಲ. ಫೆಬ್ರವರಿ 1ರಂದು ನೌಕೆ ಹಿಂತಿರುಗುವಾಗ ಕಲ್ಪನಾ ಚಾವ್ಲಾ ಸೇರಿ ಏಳೂ ಜನ ತೀರಿಕೊಂಡರು. ಅದೇ ಜುಲೈನಲ್ಲಿ ತನಿಖಾ ಮಂಡಳಿ ಅಂಥದೇ ಫೋಮಿನ ತುಂಡನ್ನು ರೆಕ್ಕೆಯ ಅಂಚಿಗೆ ಹೊಡೆಸಿ ನೋಡಿತು, ಸುಮಾರು 16 ಅಂಗುಲದ ತೂತು ಬಿತ್ತು. ತಾಂತ್ರಿಕ ವರದಿ ಬರೆಯಬೇಕಾದ ಕಡೆ ಸ್ಲೈಡುಗಳಲ್ಲೇ ಮುಗಿಸುವ ನಾಸಾದ ಚಾಳಿಯನ್ನು ಮಂಡಳಿ ತನ್ನ ವರದಿಯಲ್ಲಿ ಹೆಸರಿಟ್ಟು ಟೀಕಿಸಿತು. ಅಲ್ಲಿ ಯಾರೂ ಮಾತಿನ ಮಲ್ಲರಿರಲಿಲ್ಲ, ಯಾರೂ ಮೋಸ ಮಾಡಲು ಹೊರಟವರಲ್ಲ. ತಲೆಬರಹ ಧೈರ್ಯವಾಗಿ ಮಾತಾಡಿತು, ತಳದ ಸಾಲು ಪಿಸುಗುಟ್ಟಿತು, ಗೊತ್ತಿದ್ದವರು ಮೇಲಿನವರೆದುರು ಬಾಯಿ ಬಿಡಲಿಲ್ಲ.

ಹಾಗಾದರೆ ಏನು ಮಾಡಬೇಕು? ಮುಂದಿನ ಇಂಥ ಮೀಟಿಂಗಿಗೆ ಹಿಂದಿನ ದಿನ ಅರ್ಧ ಪುಟ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ನಾಲ್ಕೇ ಸಾಲು ಸಾಕು: ನಾನು ಹೇಳುವುದೇನು, ಅದಕ್ಕೆ ಆಧಾರವೇನು, ಏನು ತೋರಿಸಿದರೆ ನಾನು ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಈಗ ಏನು ಮಾಡಬೇಕೆಂದು ಕೇಳುತ್ತಿದ್ದೇನೆ. ಮೂರನೆಯ ಸಾಲು ಬಹಳ ಜನರಿಗೆ ಬರೆಯಲಾಗುವುದಿಲ್ಲ. ಅದು ಬಾರದಿದ್ದರೆ ನಿಮ್ಮಲ್ಲಿರುವುದು ಯೋಚನೆಯಲ್ಲ, ಸಿಟ್ಟು. ಬಂದರೆ ಅದನ್ನೇ ಇಮೇಲ್ ಮಾಡಿ ಮೀಟಿಂಗಿಗೆ ಮುಂಚೆ ನಿಮ್ಮ ಮ್ಯಾನೇಜರಿಗೆ ಕಳಿಸಿ. ಇದು ಹೇಡಿತನವಲ್ಲ. ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟನ್ನೇ ತೆಗೆಸಿ, ಬರೆದ ಟಿಪ್ಪಣಿಯನ್ನು ಎಲ್ಲರೂ ಕೂತು ಮೌನವಾಗಿ ಓದಿದ ಮೇಲೆ ಚರ್ಚೆ ಎಂಬ ಪದ್ಧತಿ ತಂದರು. ಬುಲೆಟ್ ಚುಕ್ಕೆ ಹಾಕಿದ ತುಂಡು ಸಾಲುಗಳ ನಡುವೆ ಅಡಗುವ ಅರೆಬೆಂದ ಯೋಚನೆ ಪೂರ್ಣ ವಾಕ್ಯಗಳಲ್ಲಿ ಅಡಗುವುದು ಕಷ್ಟ. ಸಂಕೋಚದವರಿಗೆ ಇದರಿಂದ ಆಗುವ ಲಾಭ ಬೋನಸ್ಸು.

ಮೀಟಿಂಗಿನಲ್ಲಿ ಭಾಷಣ ಮಾಡಲು ಹೋಗಬೇಡಿ, ಪ್ರಶ್ನೆ ಕೇಳಿ. 'ಸರ್, ಟೆಸ್ಟ್ ಆಗಿರೋದು ಸಣ್ಣ ಸೈಜ್ ಮಾತ್ರ. ದೊಡ್ಡದು ಎಷ್ಟು ಪೀಸ್ ಟೆಸ್ಟ್ ಆಗಿದೆ?' ಇಷ್ಟೇ. ಹತ್ತು ಸೆಕೆಂಡಿನ ಮಾತು, ಆದರೆ ಉತ್ತರ ಕೊಡುವ ಹೊಣೆ ಸ್ಲೈಡ್ ಹಾಕಿದವರ ಮೇಲೆ ಹೋಗುತ್ತದೆ. ಅದನ್ನೂ ಮೊದಲ ಹತ್ತು ನಿಮಿಷದೊಳಗೆ ಕೇಳಿಬಿಡಿ. 'ಇನ್ನೊಬ್ಬರದ್ದು ಮುಗಿಯಲಿ' ಎಂದು ಕಾಯುತ್ತ ಕೂತಷ್ಟೂ ಎದೆಬಡಿತ ಏರುತ್ತದೆ, ಅಷ್ಟರಲ್ಲಿ ಕೋಣೆಯ ಮನಸ್ಸೂ ಒಂದು ಕಡೆ ವಾಲಿಬಿಟ್ಟಿರುತ್ತದೆ. ವಾಕ್ಯವನ್ನು ಬಾಯಿಪಾಠ ಮಾಡಬೇಡಿ, ಸಂಖ್ಯೆಯನ್ನು ಮಾತ್ರ ನೆನಪಿಡಿ. ಪೆನ್ನನ್ನು ಮೇಜಿನ ಮೇಲಿಡಿ. ಕೈ ನಡುಗಿದರೆ ನಡುಗಲಿ.

ಇಂಗ್ಲಿಷಿನ ಅಳುಕನ್ನು ಸಂಕೋಚದ ಲೆಕ್ಕಕ್ಕೆ ಸೇರಿಸಿಕೊಂಡಿದ್ದೀರಾ ಎಂದೂ ನೋಡಿಕೊಳ್ಳಿ. ಊರಿನ ಸೊಸೈಟಿಯ ಸಭೆಯಲ್ಲಿ ಕನ್ನಡದಲ್ಲಿ ಸರಾಗವಾಗಿ ಮಾತಾಡಬಲ್ಲಿರಾದರೆ ನಿಮ್ಮ ತೊಂದರೆ ಬೇರೆ, ಅದಕ್ಕೆ ಬೇಕಾದದ್ದು ಧೈರ್ಯಕ್ಕಿಂತ ಹೆಚ್ಚಾಗಿ ರೂಢಿ. ಪೀಣ್ಯದ ಶಾಪ್ ಫ್ಲೋರಿನಲ್ಲಿ ನಡೆಯುವ ಕನ್ನಡ-ಇಂಗ್ಲಿಷ್ ಬೆರಕೆ ಮೀಟಿಂಗ್ ಕೋಣೆಯಲ್ಲೂ ನಡೆಯುತ್ತದೆ, ಕೇಳಿ ನೋಡಿ.

ಊರಿನಲ್ಲಿ ಕನ್ನಡದಲ್ಲೂ ಹೀಗೇ ಆಗುತ್ತದೆ, ಪ್ರಮೋಷನ್ ಬಿಟ್ಟುಕೊಟ್ಟಿದ್ದೀರಿ, ಮದುವೆಮನೆಯ ಊಟಕ್ಕೂ ಹೋಗದೆ ತಪ್ಪಿಸಿಕೊಳ್ಳುತ್ತೀರಿ, ಮೀಟಿಂಗಿಗೆ ವಾರದ ಮುಂಚಿನಿಂದಲೇ ನಿದ್ದೆ ಬರುವುದಿಲ್ಲ, ಇದು ಆರು ತಿಂಗಳಿಗೂ ಮೀರಿ ನಡೆದಿದೆ ಎಂದಾದರೆ ಅದು ಸ್ವಭಾವದ ಸಂಕೋಚವಲ್ಲ, ಚಿಕಿತ್ಸೆಯಿರುವ ತೊಂದರೆ. ಮನಶ್ಶಾಸ್ತ್ರಜ್ಞರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಭಾಷಣಕ್ಕೆ ಮುಂಚೆ ನುಂಗುವ ಮಾತ್ರೆ ಎಂದು ಗೆಳೆಯರು ಪ್ರೊಪ್ರಾನೊಲಾಲ್ ಹೆಸರು ಹೇಳಿರಬಹುದು. ಅದು ಎದೆಬಡಿತ, ಕೈನಡುಕ ತಗ್ಗಿಸುವುದು ಹೌದು. ಆಸ್ತಮಾ ಇರುವವರಿಗೆ ಅಪಾಯಕಾರಿ. ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಇನ್ನು ನಿಮ್ಮ ಹೆಂಡತಿ ಹೇಳುವ ಕ್ಲಾಸು. ಅವರು ಹೇಳುವುದು ಸರಿ, ಸೇರಿ. ಜನರೆದುರು ಮತ್ತೆ ಮತ್ತೆ ನಿಂತೇ ಈ ಭಯ ಇಳಿಯಬೇಕು, ಒಬ್ಬರೇ ಕನ್ನಡಿಯೆದುರು ನಿಂತರೆ ಇಳಿಯುವುದಿಲ್ಲ. ಆದರೆ ಕ್ಲಾಸು ಏನನ್ನು ಅಳೆಯುತ್ತದೆ ಎಂಬುದರ ಮೇಲೆ ಕಣ್ಣಿರಲಿ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಈಗ ಬೆಂಗಳೂರಿನ ಎಷ್ಟೋ ಕಂಪನಿಗಳೊಳಗೆ ನಡೆಯುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ನೀವು ಎಷ್ಟು ಸಲ 'ಆ', 'ಮ್' ಎಂದಿರಿ ಎಂದು ಎಣಿಸಲು ಒಬ್ಬರಿರುತ್ತಾರೆ, ಗಡಿಯಾರ ನೋಡಲು ಇನ್ನೊಬ್ಬರು. ಭಯ ಕಳೆಯಲು ಒಳ್ಳೆಯ ಜಾಗ, ನಾನೇ ಹಲವರನ್ನು ಕಳಿಸಿದ್ದೇನೆ. ಆಧಾರವಿಲ್ಲದ ಮಾತು ಎಷ್ಟು ಬಂತು ಎಂದು ಎಣಿಸಲು ಮಾತ್ರ ಅಲ್ಲಿ ಯಾರನ್ನೂ ನೇಮಿಸಿರುವುದಿಲ್ಲ. ಆ ಕೆಲಸಕ್ಕೆ ದೊಡ್ಡಪ್ಪನನ್ನು ಹಿಡಿಯಿರಿ. ಹೊಸ ಫೌಂಡ್ರಿಗೇ ಆರ್ಡರ್ ಕೊಡಬೇಕು ಎಂದು ಅವರೆದುರು ನೀವು ವಾದಿಸಿ, ಬೇಡ ಎಂದು ಅವರು ವಾದಿಸಲಿ. 'ಯಾರನ್ನು ಬೇಕಾದರೂ ಒಪ್ಪಿಸುವ ಕಲೆ' ಎಂದು ಬೋರ್ಡು ಹಾಕಿದ ಕ್ಲಾಸುಗಳಿಗೆ ದುಡ್ಡು ಕಟ್ಟಬೇಡಿ.

ಮುಂದಿನ ಪತ್ರ ಬರೆಯುವುದಾದರೆ ಆ ಅರ್ಧ ಪುಟವನ್ನೂ ಜೊತೆಗೆ ಕಳಿಸಿ. ಮೂರನೆಯ ಸಾಲು ಖಾಲಿಯಿದ್ದರೆ ಹಾಗೇ ವಾಪಸ್ ಕಳಿಸುತ್ತೇನೆ.